ನನ್ನನ್ನು ಯಾರೂ ಕೇಳಲಿಲ್ಲ

ಧ್ವನಿಮುದ್ರಣದ ಕೆಂಪು ದೀಪ ಉರಿಯುತ್ತಿರುವಾಗಲೇ ಬಾಗಿಲು ತೆರೆಯಿತು!

ಜಲ್ಲಿಕಲ್ಲು ಹರಡಿದ ಮರದ ಹಲಗೆಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದ ಅವಳು ತಲೆ ಎತ್ತಲಿಲ್ಲ. ಎದುರಿನ ಪರದೆಯ ಮೇಲೆ ಮುದುಕಿಯೊಬ್ಬಳು ಮಗನನ್ನು ಮಣ್ಣು ಮಾಡಿ ಮನೆಗೆ ಮರಳುತ್ತಿದ್ದಳು. ಆ ಮುದುಕಿಯ ಕಾಲುಗಳಿಗೆ ಸದ್ದು ಕೊಡುತ್ತಿದ್ದವಳು ಇವಳು. ಬಾಗಿಲಲ್ಲಿ ನಿಂತವನಿಗೆ ಒಂದು ಕೈ ಎತ್ತಿ, ಅಲ್ಲಾಡಬೇಡಿ ಎಂದು ಸನ್ನೆ ಮಾಡಿದಳು.

ಅವನು ಅಲ್ಲಾಡಲಿಲ್ಲ. ಬೆನ್ನ ಮೇಲೆ ಭಾರದ ಚೀಲ, ಕೈ ಬಾಗಿಲ ಹಿಡಿಯ ಮೇಲೆ. ಹಾಗೇ ಆರು ನಿಮಿಷ!

ದೀಪ ಆರಿದ್ದೇ ತಡ, ಅವಳು ತಿರುಗಿದಳು.

"ಕಣ್ಣು ಕಾಣಲ್ವಾ ನಿಮಗೆ? ಕೆಂಪು ದೀಪ ಹಾಕಿರೋದು ಅಲಂಕಾರಕ್ಕಾ?"

ಅವನ ಕಣ್ಣುಗಳಲ್ಲಿ ನೀರು ತುಂಬಿತ್ತು. ಅವಳ ಸಿಟ್ಟು ಅರ್ಧಕ್ಕೇ ನಿಂತಿತು.

"ನೀವು... ಅಳ್ತಿದ್ದೀರಾ?"

"ಇಲ್ಲ... ಸೀನು... ತಡ್ಕೊಂಡಿದ್ದೆ..." ಎನ್ನುತ್ತಲೇ ಅವನು ಗೋಡೆ ನಡುಗುವ ಹಾಗೆ ಸೀನಿದ.

ಅವಳು ನಕ್ಕುಬಿಟ್ಟಳು. ಅವನೂ ನಕ್ಕ. ಆಮೇಲೆ ಮೂಗು ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದ, "ಸ್ವಲ್ಪ ಅತ್ತಿದ್ದೂ ನಿಜ. ಆ ಅಜ್ಜಿ ಮುಖ ನೋಡಿ ಅಲ್ಲ. ನಿಮ್ಮ ಕಾಲಿನ ಸದ್ದು ಕೇಳಿ."

ಅವಳ ಕೆಲಸದ ಬಗ್ಗೆ ಹಾಗೆ ಯಾರೂ ಹೇಳಿರಲಿಲ್ಲ.

ಸಿನಿಮಾದವರೆಲ್ಲ ಅವಳನ್ನು ಕರೆಯುತ್ತಿದ್ದದ್ದು 'ಹೆಜ್ಜೆ' ಎಂದು. ಪರದೆಯ ಮೇಲೆ ಯಾರೇ ನಡೆಯಲಿ, ಓಡಲಿ, ಎಡವಲಿ, ಕೇಳುತ್ತಿದ್ದದ್ದು ಅವಳ ಕಾಲಿನ ಸದ್ದು. ಹನ್ನೆರಡನೇ ವಯಸ್ಸಿಗೆ ಅಪ್ಪ ಅಮ್ಮನನ್ನು ಕಳೆದುಕೊಂಡವಳನ್ನು ಸೋದರಮಾವ ತಂದು ಸಾಕಿದ್ದ. ಮೇಲೆ ಮಾವನ ಮನೆ, ನೆಲದಡಿಯಲ್ಲಿ ಮಾವನ ಸ್ಟುಡಿಯೋ. ಹಾಸಿಗೆಗೂ ಕೆಲಸಕ್ಕೂ ನಡುವೆ ಇಪ್ಪತ್ತೆರಡು ಮೆಟ್ಟಿಲು. ಬೆಳಿಗ್ಗೆ ಇಳಿದರೆ ಸಂಜೆ ಹತ್ತುವುದು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹೊರಗೆ ಮಳೆಯೋ ಬಿಸಿಲೋ ಎಂಬುದು ಬಂದವರ ಚಪ್ಪಲಿ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು.

"ಹೊರಗೆ ಹೋಗಿ ಏನು ಮಾಡ್ತೀಯಾ ಮಗಳೇ? ಇಲ್ಲಿ ನಾನಿಲ್ವಾ?" ಎನ್ನುತ್ತಿದ್ದ ಮಾವ. ಗದರುತ್ತಿರಲಿಲ್ಲ. ಗದರಿದ್ದರೆ ಎದುರು ಮಾತಾಡಬಹುದಿತ್ತು. ಅಷ್ಟು ಅಕ್ಕರೆಗೆ ಹೇಗೆ ಎದುರಾಡುವುದು? ಅನ್ನ ಹಾಕಿದ ಕೈ ಅದು... ಅವಳ ಬಾಯಿ ಕಟ್ಟಿಹೋಗುತ್ತಿತ್ತು.

ಸೀನಿದವನು ಒಂದು ತಂತ್ರಜ್ಞಾನ ಕಂಪನಿಯಿಂದ ಬಂದ ಧ್ವನಿ ಎಂಜಿನಿಯರ್. ಅವಳ ನಡಿಗೆಗಳನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುವುದು ಅವನ ಕೆಲಸ.

"ಜೋಪಾನವಾಗಿ ಇಡ್ತಾರಂತೆ ಕಣಮ್ಮ. ನಾಳೆ ನಾವಿರಲ್ಲ, ಸದ್ದು ಇರತ್ತೆ," ಎಂದಿದ್ದ ಮಾವ. ಅವಳು ನಂಬಿದಳು.

ಕದಲದೆ ನಿಂತಿದ್ದಕ್ಕೆ ಅವನಿಗೆ 'ಕಂಬ' ಎಂದು ಹೆಸರಿಟ್ಟಳು. ಕಂಬ ದಿನವೂ ಬಂದ. ಸಿಟ್ಟಿನ ನಡಿಗೆ, ಕುಡುಕನ ನಡಿಗೆ, ತುಂಬು ಬಸುರಿಯ ನಡಿಗೆ, ಕಳ್ಳನ ನಡಿಗೆ... ಕೇಳಿದ್ದನ್ನೆಲ್ಲ ಅವಳು ಕೊಟ್ಟಳು. ನಾಲ್ಕನೇ ವಾರ ಅವನು ಪಟ್ಟಿ ನೋಡಿ ಹೇಳಿದ:

"ಇವತ್ತು ಸುಲಭದ್ದು. ಖುಷಿಯಾಗಿ ನಡೀರಿ."

ಅವಳು ನಡೆದಳು. ಅವನು ತಲೆಯಾಡಿಸಿದ. ಮತ್ತೆ ನಡೆದಳು. ಹನ್ನೊಂದು ಸಲ!

"ಏನಾಯ್ತು ನಿಮಗೆ?"

ಅವಳು ಹಲಗೆಯ ಅಂಚಿನಲ್ಲಿ ಕುಸಿದು ಕೂತಳು. "ಗೊತ್ತಾಗ್ತಿಲ್ಲ... ಖುಷಿಯಾಗಿರೋರು ಹೇಗೆ ನಡೀತಾರೆ ಅಂತ ನೆನಪೇ ಬರ್ತಿಲ್ಲ."

ಅವನು ಮೈಕು ಎತ್ತಿಕೊಂಡು ಬಾಗಿಲು ತೆರೆದ. "ಬನ್ನಿ. ಹೊರಗೆ ಹೋಗೋಣ."

"ಮಾವ ಬೈತಾರೆ."

"ಕೆಲಸಕ್ಕೇ ಹೋಗ್ತಿರೋದು ಅಂತ ಹೇಳಿ."

ಆ ಮಧ್ಯಾಹ್ನ ಇಬ್ಬರೂ ಪೇಟೆಯ ಉದ್ದಕ್ಕೂ ನಡೆದರು. ಪಾತ್ರೆ ಅಂಗಡಿ, ಹಳೆ ಪುಸ್ತಕದ ಗಾಡಿ, ಬೀಗ ರಿಪೇರಿಯವನು. ಕಾಗದದ ಲೋಟದಲ್ಲಿ ಚಹಾ ಕುಡಿದರು. ಬಿಸಿ ತಾಗಿ ಅವಳು ನಾಲಿಗೆ ಸುಟ್ಟುಕೊಂಡಾಗ ಅವನು ಊದಿಕೊಡಲು ಹೋಗಿ ತನ್ನ ಅಂಗಿಯ ಮೇಲೇ ಚೆಲ್ಲಿಕೊಂಡ. ಅವಳು ನಗುತ್ತಾ ಮುಂದೆ ಮುಂದೆ ನಡೆದಳು. ಹಿಂದಿನಿಂದ ಮೈಕು ಹಿಡಿದು ಬರುತ್ತಿದ್ದವನು ತಟ್ಟನೆ ಕೂಗಿದ:

"ಸಿಕ್ತು!"

"ಏನು?"

"ಖುಷಿ!"

ಅವನ ಮುಖ ನೋಡಿದಳು... ಇಷ್ಟು ದಿನ ಇಲ್ಲದ ಎದೆಬಡಿತ ಎಲ್ಲಿಂದ ಬಂತು? 'ಇವನಿಗೂ ಹೀಗೇ ಆಗ್ತಿದೆಯಾ? ಅಥವಾ ನಾನೊಬ್ಬಳೇ ಹುಚ್ಚಿಯಾ?'

ಮರುದಿನ ಕಂಬ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನಿಲ್ಲ, ಒಂದು ಸಾಲು ಸಂದೇಶವಿಲ್ಲ.

"ಅವರ ಕೆಲಸ ಮುಗೀತಲ್ಲಮ್ಮ," ಎಂದ ಮಾವ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಕೆಳಗಿಳಿದಾಗ ಹಲಗೆಗಳನ್ನೆಲ್ಲ ಗೋಡೆಗೆ ಒರಗಿಸಿಡಲಾಗಿತ್ತು. ಮಾವ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದ.

"ನೋಡು ಬಾ! ನಿನ್ನ ಹೆಜ್ಜೆನೆಲ್ಲ ಕಂಪನಿಯವರು ಇದರಲ್ಲೇ ಹಾಕಿಕೊಟ್ಟಿದ್ದಾರೆ. ಇನ್ನು ನೀನು ಕಾಲು ನೋಯಿಸ್ಕೋಬೇಕಾಗಿಲ್ಲ."

ಪರದೆಯಲ್ಲಿ ಯಾವುದೋ ಸೋಪಿನ ಜಾಹೀರಾತು. ಹುಡುಗಿಯೊಬ್ಬಳು ಕುಣಿಯುತ್ತಾ ನಡೆಯುತ್ತಿದ್ದಳು. ಕೋಣೆಯಲ್ಲಿ ಯಾರೂ ನಡೆಯುತ್ತಿರಲಿಲ್ಲ. ಆದರೂ ಹೆಜ್ಜೆ ಸದ್ದು ಕೇಳಿತು.

ಅದು ಅವಳದೇ. ಆ ಮಧ್ಯಾಹ್ನದ್ದು. ಪೇಟೆಯದ್ದು!

'ಇದಕ್ಕೇನಾ ಕರ್ಕೊಂಡು ಹೋಗಿದ್ದು? ಚಹಾ, ನಗು, ಎಲ್ಲಾ... ಇದಕ್ಕಾ?' ಬದುಕಿನಲ್ಲಿ ಒಂದೇ ಒಂದು ಮಧ್ಯಾಹ್ನ ತನ್ನದಾಗಿತ್ತು. ಅದೂ ಈಗ ಸೋಪಿನ ಪಾಲಾಯಿತು.

"ಹಾಗಾದ್ರೆ ನಾನು ಬೇರೆ ಎಲ್ಲಾದ್ರೂ ಕೆಲಸ ನೋಡ್ಕೋತೀನಿ ಮಾವ."

"ಆಗಲ್ವಲ್ಲಮ್ಮ." ಮಾವನ ದನಿ ಬೆಣ್ಣೆಯಂತಿತ್ತು. "ಐದು ವರ್ಷ ಬೇರೆ ಯಾರಿಗೂ ಹೆಜ್ಜೆ ಸದ್ದು ಮಾಡಿಕೊಡಲ್ಲ ಅಂತ ನೀನೇ ಸಹಿ ಹಾಕಿದ್ದೀಯ. ಮನೇಲಿರು. ಅತ್ತೆಗೆ ಜೊತೆಯಾಗತ್ತೆ."

"ನಾನು ಯಾವಾಗ ಸಹಿ ಹಾಕಿದೆ?"

ಮಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳಿಗೆ ಮನೆಯ ಗೋಡೆಗಳು ಹತ್ತಿರ ಹತ್ತಿರ ಬಂದಂತಾಗುತ್ತಿತ್ತು. ಕೆಳಗಿಳಿದರೆ ಕೆಲಸವಿಲ್ಲ, ಮೇಲೆ ಹತ್ತಿದರೆ ಮಾತಿಲ್ಲ.

ದಾರಿ ತೆರೆದದ್ದು ಅತ್ತೆ. ಬಟ್ಟೆ ಮಡಿಸುತ್ತಿದ್ದ ಅವಳ ಮಡಿಲಿಗೆ ಒಂದು ಕಾಗದ ಹಾಕಿದಳು.

"ಅವರ ಕಪಾಟಿನಲ್ಲಿತ್ತು. ಓದ್ಕೋ."

ಒಪ್ಪಂದ. ಕೊನೆಯಲ್ಲಿ ಅವಳ ಹೆಸರಿನ ಸಹಿ. ಆದರೆ ಅವಳು ಎಡಗೈಯವಳು, ಅವಳ ಅಕ್ಷರ ಎಡಕ್ಕೆ ವಾಲುತ್ತದೆ. ಇದು ಬಲಕ್ಕೆ ವಾಲಿತ್ತು, ಥೇಟ್ ಮಾವನ ಅಕ್ಷರ!

"ಅತ್ತೆ... ನಿಮಗೆ ಗೊತ್ತಿತ್ತಾ?"

"ಇವತ್ತು ಗೊತ್ತಾಯ್ತು. ಇಪ್ಪತ್ತಾರು ವರ್ಷ ಆಯ್ತು ಕಣೇ ನಾನು ಈ ಮನೆಗೆ ಬಂದು. ನಿನ್ನ ವಯಸ್ಸಲ್ಲಿ ನನಗೆ ಯಾರೂ ಬಾಗಿಲು ತೋರಿಸಲಿಲ್ಲ." ಅತ್ತೆ ಒಂದು ಅಂಗಿ ಎತ್ತಿಕೊಂಡು ಮಡಿಸತೊಡಗಿದಳು. "ಕಂಪನಿ ವಿಳಾಸ ಅದರಲ್ಲೇ ಇದೆ, ಬಸ್ಸು ಎದುರಿಗೇ ಸಿಗತ್ತೆ. ಹೋಗು."

ಕಂಪನಿಯ ಗಾಜಿನ ಕಟ್ಟಡದಲ್ಲಿ ಮೂವತ್ತು ಜನ ತಲೆ ಎತ್ತಿ ನೋಡುತ್ತಿದ್ದರೂ ಅವಳು ಲೆಕ್ಕಿಸಲಿಲ್ಲ. ನೇರವಾಗಿ ಅವನ ಮೇಜಿನ ಮುಂದೆ ನಿಂತಳು.

"ಬೇಕಾದ್ದು ಸಿಕ್ತಲ್ಲಾ ನಿಮಗೆ? ಖುಷಿನೂ ಸಿಕ್ತು!"

ಕಂಬ ಎದ್ದು ನಿಂತ. ಸೊರಗಿದ್ದ. "ನೀವು... ಇಲ್ಲಿ? ನಿಮ್ಮ ಮದುವೆ...?"

"ಯಾರ ಮದುವೆ?"

"ನಿಮ್ಮದೇ! ಗಂಡು ನಿಶ್ಚಯ ಆಗಿದೆ, ಇನ್ನು ಬಂದು ಅವಳ ಮನಸ್ಸು ಕೆಡಿಸಬೇಡಿ, ಫೋನೂ ಮಾಡಬೇಡಿ ಅಂತ ನಿಮ್ಮ ಮಾವ..."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಂದು ಸುಳ್ಳು ಎಷ್ಟು ಸಲೀಸಾಗಿ ಎರಡು ಬಾಯಿಗಳನ್ನು ಮುಚ್ಚಿಸಿತ್ತು!

ಆದರೆ ಅವಳ ನೋವು ಅಷ್ಟಕ್ಕೇ ಇಳಿಯಲಿಲ್ಲ. "ಸರಿ. ಆ ಪೇಟೆಯ ಸದ್ದು? ಅದನ್ನೂ ಮಾವನೇ ಕೊಟ್ಟರಾ?"

ಅವನು ತಲೆ ತಗ್ಗಿಸಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾನೇ ಕೊಟ್ಟೆ. ಒಪ್ಪಂದದಲ್ಲಿ ನಿಮ್ಮ ಸಹಿ ಇತ್ತು, ನಿಮಗೆಲ್ಲಾ ಗೊತ್ತು ಅಂದ್ಕೊಂಡೆ. ಒಂದು ಮಾತು ಕೇಳಬೇಕಿತ್ತು."

"ನನ್ನ ಹೆಜ್ಜೆ ಅಷ್ಟು ಚೆನ್ನಾಗಿ ಕೇಳಿದ್ರಿ..." ಅವಳು ಚೀಲದಿಂದ ಒಪ್ಪಂದ ತೆಗೆದು ಅವನ ಮೇಜಿನ ಮೇಲಿಟ್ಟಳು. "ನನ್ನನ್ನ ಮಾತ್ರ ಕೇಳಲಿಲ್ಲ. ಆ ಸಹಿ ನನ್ನದಲ್ಲ."

ಅವನು ಕಾಗದ ನೋಡಿದ. ಅಲ್ಲೇ ಒಂದು ಚೀಟಿಯ ಮೇಲೆ ಅವಳಿಂದ ಸಹಿ ಹಾಕಿಸಿ, ಪಕ್ಕದಲ್ಲಿಟ್ಟು ನೋಡಿದ. ಅಕ್ಷರ ಹೊಂದುತ್ತಿರಲಿಲ್ಲ. ಎರಡನ್ನೂ ಹಿಡಿದು ಮುಖ್ಯಸ್ಥೆಯ ಕೋಣೆಗೆ ಹೋದ. ಬಾಗಿಲು ತೆರೆದೇ ಇತ್ತು.

"ಒಪ್ಪಿಗೆ ಸುಳ್ಳಾದರೆ ಇಡೀ ಸಂಗ್ರಹ ತೆಗೆದುಹಾಕಬೇಕಾಗತ್ತೆ," ಎಂದಳು ಮುಖ್ಯಸ್ಥೆ. "ಅದಕ್ಕಾಗಿ ನೀನು ಬರೆದ ಪ್ರೋಗ್ರಾಮೂ ಹೋಗತ್ತೆ, ಎರಡು ವರ್ಷದ ಕೆಲಸ ಕಣಯ್ಯಾ ಅದು. ಯೋಚನೆ ಮಾಡಿ ಹೇಳು."

"ಯೋಚನೆ ಮಾಡೋಕೆ ಏನೂ ಇಲ್ಲ ಮೇಡಂ. ತೆಗೀರಿ."

ಅವಳು ಹೊರಗೆ ನಿಂತು ಕೇಳಿಸಿಕೊಂಡಳು. ಕಣ್ಣು ತುಂಬಿ ಬಂತು. ಆದರೂ ಅವನು ಹೊರಬಂದಾಗ ಇಷ್ಟೇ ಹೇಳಿದಳು: "ಈಗ ನನ್ನ ಹಿಂದೆ ಬರಬೇಡಿ. ಸ್ವಲ್ಪ ದಿನ ನನ್ನ ಪಾಡಿಗೆ ನಾನು ಇರಬೇಕು."

ಮನೆಯಲ್ಲಿ ಮಾವ ಕುರ್ಚಿಯಲ್ಲಿ ಕುಸಿದು ಕೂತಿದ್ದ. ಕಂಪನಿಯಿಂದ ಫೋನು ಬಂದಾಗಿತ್ತು.

"ಸಾಕಿದ್ದಕ್ಕೆ ಇದಾ ನೀನು ಕೊಟ್ಟ ಫಲ? ಸ್ಟುಡಿಯೋ ಮುಳುಗ್ತಿತ್ತು ಕಣಮ್ಮ, ಅವರ ದುಡ್ಡು ಬೇಕಿತ್ತು... ನೀನೂ ಹೋಗಿಬಿಟ್ಟಿದ್ರೆ ನನಗೆ ಯಾರಿದ್ರು?"

ಮೊದಲ ಸಲ ಮಾವ ಅವಳಿಗೆ ಹೆದರಿದ ಮುದುಕನ ಹಾಗೆ ಕಂಡ. ಅವಳು ಅವನ ಕಾಲ ಬಳಿ ಕೂತಳು.

"ನೀವು ಸಾಕಿದ್ದನ್ನ ಸಾಯೋವರೆಗೂ ಮರೆಯಲ್ಲ ಮಾವ. ಆದ್ರೆ ಸಾಕಿದವರು ಒಂದು ದಿನ ಕೈ ಬಿಡಬೇಕಲ್ವಾ? ಬಿಡಲಿಲ್ಲ ಅಂದ್ರೆ ನಾನೇ ಬಿಡಿಸ್ಕೋಬೇಕಾಗತ್ತೆ."

ಅವಳು ಮೆಲ್ಲಗೆ ಎದ್ದು ಹೊರಟಳು. ಅತ್ತೆ ಚೀಲ ತಂದುಕೊಟ್ಟಳು. ಮಾವ ತಡೆಯಲಿಲ್ಲ.

ಎರಡು ತಿಂಗಳು ಕಳೆದವು. ಅವಳು ಬಾಡಿಗೆ ಕೋಣೆಯೊಂದರಲ್ಲಿದ್ದು, ರೇಡಿಯೋ ನಾಟಕದ ತಂಡವೊಂದಕ್ಕೆ ಸದ್ದು ಮಾಡಿಕೊಡುತ್ತಿದ್ದಳು. ಪ್ರತಿ ಭಾನುವಾರ ಅತ್ತೆ ಬಂದು ಹೋಗುತ್ತಿದ್ದಳು. ಎಲ್ಲವೂ ಸರಿಯಿತ್ತು. ಆದರೆ ಯಾರಾದರೂ ಸೀನಿದರೆ ಸಾಕು, ತಿರುಗಿ ನೋಡುತ್ತಿದ್ದಳು!

ಕೊನೆಗೆ ಒಂದು ಶನಿವಾರ ಅವಳೇ ಫೋನು ಮಾಡಿದಳು. "ಬರ್ತೀರಾ?" ಅಷ್ಟೇ ಕೇಳಿದ್ದು.

ಅರ್ಧ ಗಂಟೆಗೆ ಅವನು ನಾಟಕದವರ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ನಿಂತಿದ್ದ.

"ಆ ಕೆಲಸ ಬಿಟ್ಟೆ," ಎಂದ. "ಬೇರೆ ಕಡೆ ಸೇರ್ಕೊಂಡೆ. ನಿಮ್ಮ ಒಂದೂ ಸದ್ದು ನನ್ನ ಹತ್ರ ಇಲ್ಲ ಈಗ. ಮನೇಲಿ ಕೂತು ನೆನಪು ಮಾಡ್ಕೊಳ್ಳೋಕೆ ನೋಡ್ತೀನಿ... ಸರಿಯಾಗಿ ಬರಲ್ಲ."

"ಮತ್ತೆ ಇಷ್ಟು ದಿನ ಯಾಕೆ ಬರಲಿಲ್ಲ?"

"ಬರಬೇಡಿ ಅಂದಿದ್ರಲ್ಲ."

"ಅಂದ್ರೆ... ಬರೋದೇ ಇಲ್ವಾ?"

"ನೀವು ಕರೆಯೋವರೆಗೂ ಬರಬಾರದು ಅಂದ್ಕೊಂಡಿದ್ದೆ. ದಿನಾ ಫೋನು ನೋಡ್ತಿದ್ದೆ." ಅವನು ಹಣೆಯ ಬೆವರು ಒರೆಸಿಕೊಂಡ. "ಒಂದು ಮಾತು ಕೇಳಲಾ? ನನ್ನ ಜೊತೆ ಇರ್ತೀರಾ... ಯಾವಾಗಲೂ?"

ಅವಳು ಮುಖ ಗಂಭೀರ ಮಾಡಿಕೊಂಡಳು.

"ಅಷ್ಟು ದೊಡ್ಡದನ್ನ ಮೊದಲೇ ಯಾರಾದ್ರೂ ಕೇಳ್ತಾರಾ? ಚಿಕ್ಕದರಿಂದ ಶುರು ಮಾಡಿ."

ಅವನು ಗಾಬರಿಯಾದ. ಸ್ವಲ್ಪ ಯೋಚಿಸಿದ.

"ಊಟ ಆಯ್ತಾ?"

"ಇಲ್ಲ."

"ನಂದೂ ಆಗಿಲ್ಲ. ಬರ್ತೀರಾ?"

"ಹೂಂ." ಅವಳು ಚೀಲ ಹೆಗಲಿಗೇರಿಸಿದಳು. ಎರಡು ಮೆಟ್ಟಿಲು ಇಳಿದು, ನಿಂತು, ಅವನ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹೆಣೆದುಕೊಂಡಳು.

"ಆ ದೊಡ್ಡದಕ್ಕೂ ಹೂಂ... ಕೇಳಿಸ್ತಾ?"

"ಕೇಳಿಸ್ತು," ಎಂದ ಅವನು. "ಇನ್ನೊಂದು ಸಲ ಹೇಳಿ."