ಪುಲ್ಕೆ ಮನೆಗೆ ಕಾಲಿಟ್ಟವಳು

"ಅಲ್ಲೇ ನಿಲ್ಲು!"

ತಿನಾಕಾಲ್‌ನ ಬಾಗಿಲಿಗೆ ಅಡ್ಡಲಾಗಿ ತೋಳು ಚಾಚಿ ನಿಂತಿದ್ದ ಅವನು. ಮೊಣಕೈವರೆಗೂ ಪುಲ್ಕೆ ಹೆಂಡದ ಬಿಳಿ ನೊರೆ, ಕಣ್ಣಲ್ಲಿ ಗಾಬರಿ.

ಸೆನಾಯ್ದಾ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

"ಇದು ಯಾರ ತಿನಾಕಾಲ್ ಅಂತ ಗೊತ್ತಾ ನಿಂಗೆ?"

"ಗೊತ್ತು. ನಿಮ್ಮಪ್ಪಂದು. ಈಗ ನಿಂದು. ಆದ್ರೂ ಹೆಣ್ಣು ಒಳಗೆ ಬಂದ್ರೆ ಪುಲ್ಕೆ ಹುಳಿಯಾಗುತ್ತೆ. ನಾನೊಬ್ಬ ಹೇಳ್ತಿರೋದಲ್ಲ, ಆಪಾನ್ ಬಯಲೆಲ್ಲ ಹೇಳುತ್ತೆ."

ಇದೆಂಥ ನ್ಯಾಯ! ಅಪ್ಪ ತೀರಿಹೋದ ಮೇಲೆ ಭೂತಾಳೆ ತೋಟವೂ, ಅದರ ರಸ ಪುಲ್ಕೆಯಾಗಿ ಹುದುಗುವ ಈ ತಿನಾಕಾಲ್ ಕೋಣೆಯೂ ಅವಳ ಪಾಲಿಗೆ ಬಂದಿದ್ದವು. ಬೀಗದ ಕೈ ಅವಳದೇ. ಹೊಸ್ತಿಲು ದಾಟುವ ಹಕ್ಕು ಮಾತ್ರ ಚಿಕ್ಕಪ್ಪ ದೋನ್ ಪ್ಲಾಸಿದೋಗೆ, ಮತ್ತೆ ಬಾನಿಗಳನ್ನು ನೋಡಿಕೊಳ್ಳುವ ಈ ಎವೆಲಿಯೋಗೆ!

"ಸರಿ, ನಾನು ಬರಲ್ಲ. ನನ್ನ ಮೂಗು ಬರುತ್ತೆ."

ಅವನು ಕಕ್ಕಾಬಿಕ್ಕಿಯಾದ. ಅವಳು ಗಾಡಿಯತ್ತ ಕೈ ತೋರಿಸಿದಳು. ಪಚೂಕಾ ನಗರದ ಪ್ರಯೋಗಾಲಯದಲ್ಲಿ ಅವಳೇ ಜೋಡಿಸಿದ ಯಂತ್ರ, ಅದಕ್ಕೊಂದು ಉದ್ದನೆಯ ಕೊಳವೆ, ಕೊಳವೆಯ ತುದಿಗೆ ತೆಳ್ಳನೆಯ ಪೊರೆ. ಬಾನಿಯಲ್ಲಿ ಮುಳುಗಿಸಿದರೆ ಪುಲ್ಕೆ ಪೊರೆಯಾಚೆಯೇ ಉಳಿಯುತ್ತದೆ, ಅದರ ಆವಿ ಮಾತ್ರ ನುಸುಳಿ ಬರುತ್ತದೆ. ಯಂತ್ರ ಆ ಆವಿಯ ಕಣಗಳನ್ನು ತೂಗಿ, ಅಮಲೆಷ್ಟು, ಗುಳ್ಳೆಯೆಷ್ಟು, ಹುಳಿಯೆಷ್ಟು ಎಂದು ಆಗಿಂದಾಗಲೇ ಪರದೆಯ ಮೇಲೆ ಗೆರೆ ಎಳೆಯುತ್ತದೆ.

"ಭಾರೀ ಉದ್ದ ಮೂಗು ಬಿಡು ನಿಂದು," ಎಂದ ಎವೆಲಿಯೋ. ನಗು ತಡೆಯಲಾಗದೆ ಗೋಡೆಗೆ ತಾನೇ ತೂತು ಕೊರೆದುಕೊಟ್ಟ!

ಅಲ್ಲಿಂದ ಶುರುವಾಯಿತು ನೋಡಿ... ಗೋಡೆಯ ಈಚೆ ಅವಳು, ಆಚೆ ಅವನು.

"ಎವೆಲಿಯೋ, ಗುಳ್ಳೆ ಗೆರೆ ಕುಣೀತಿದೆ. ಹೊಸ ರಸ ಸುರಿದ್ಯಾ?"

"ಸುರಿದೆ. ನೀನೇನು ಮಾಟಗಾತಿನಾ?"

"ಹೌದು. ಹುಷಾರಾಗಿರು."

ಮಧ್ಯಾಹ್ನ ಅವನು ಹೊರಗೆ ಬಂದು ತನ್ನ ಬುತ್ತಿಯ ತ್ಲಾಕೋಯೋ ರೊಟ್ಟಿ ಮುರಿದು ಅರ್ಧ ಅವಳ ಕೈಗಿಡುತ್ತಿದ್ದ. ಹೂರಣ ಹೆಚ್ಚಿದ್ದ ಅರ್ಧ ಯಾವಾಗಲೂ ಅವಳಿಗೇ. ಇವನು ಒಳಗೆ ಸುಮ್ಮನೆ ಕೆಮ್ಮಿದರೂ ನನಗೇಕೆ ಎದೆ ಝಲ್ಲೆನ್ನುತ್ತದೆ? ಅವಳು ತನ್ನನ್ನೇ ಬೈದುಕೊಂಡಳು.

ಆಮೇಲೆ ಒಂದು ಬೆಳಿಗ್ಗೆ ಮೂಲೆಯ ದೊಡ್ಡ ಬಾನಿ ಹದಗೆಟ್ಟಿತು. ಯಂತ್ರದ ಕೊಳವೆ ಇದ್ದದ್ದು ಪಕ್ಕದ ಬಾನಿಯಲ್ಲಿ. ಸಂತೆಗೆಂದು ಇಟ್ಟಿದ್ದ ಪುಲ್ಕೆಯೆಲ್ಲ ಹುಳಿ!

"ಇವಳೇ ಒಳಗೆ ಹೋಗಿರ್ಬೇಕು!" ಅಂಗಳದಲ್ಲಿ ಚಿಕ್ಕಪ್ಪ ಗಂಟಲು ಹರಿದುಕೊಂಡ. "ಬೀಗದ ಕೈ ಇವಳ ಹತ್ರ ತಾನೇ ಇರೋದು? ಯಂತ್ರ ಕಟ್ಕೊಂಡು ಪಚೂಕಾಗೆ ಹೊರಡು ಮಗಳೇ. ತಿನಾಕಾಲ್ ನಾನು ನೋಡ್ಕೋತೀನಿ."

ಕತ್ತೆಗಳ ಮೇಲೆ ರಸ ಹೇರಿಕೊಂಡು ಬಂದಿದ್ದ ಗಂಡಸರೆಲ್ಲ ಅವಳನ್ನೇ ದಿಟ್ಟಿಸಿದರು. ಎವೆಲಿಯೋ ಹತ್ತಿರ ಬಂದು ದನಿ ತಗ್ಗಿಸಿದ.

"ಸೆನಾ... ನಿಜ ಹೇಳು. ಒಳಗೆ ಹೋಗಿದ್ಯಾ?"

ಅವಳ ಎದೆಯೇ ಒಡೆದಂತಾಯಿತು. ಊರು ಕೇಳಲಿ, ಚಿಕ್ಕಪ್ಪ ಕೇಳಲಿ... ನೀನೂ ಕೇಳ್ತೀಯಾ?

"ಹೋಗಿಲ್ಲ. ಆದ್ರೆ ಈಗ ಹೋಗ್ತೀನಿ!"

ಪರದೆಯನ್ನು ಅಂಗಳಕ್ಕೆ ತಿರುಗಿಸಿದಳು.

"ಬನ್ನಿ ಎಲ್ಲ! ಈ ಕೆಂಪು ಗೆರೆ ಹುಳಿದು. ನಾನು ಚೆನ್ನಾಗಿರೋ ಬಾನಿ ಪಕ್ಕ ನಿಲ್ತೀನಿ. ಗೆರೆ ಮೇಲಕ್ಕೆ ಹೋದ್ರೆ ಇವತ್ತೇ ಪಚೂಕಾ ಬಸ್ಸು. ಹೋಗದಿದ್ರೆ ಯಾರಪ್ಪ ಬಂದ್ರೂ ಇಲ್ಲಿಂದ ಕದಲಲ್ಲ!"

"ಯಂತ್ರ ನಿಂದು, ಗೆರೆನೂ ನಿಂದೇ," ಎಂದು ಒಬ್ಬ ಗೊಣಗಿದ.

"ಹಾಗಾದ್ರೆ ಕೊಳವೆನ ಹಾಳಾದ ಬಾನಿಲಿ ಅದ್ದಿ ನೋಡಿ."

ಎವೆಲಿಯೋ ಒಳಗೆ ಹೋಗಿ ಅದ್ದಿದ. ಕೆಂಪು ಗೆರೆ ಸರಸರನೆ ಏರಿತು! ತೊಳೆದು ಪಕ್ಕದ ಬಾನಿಗೆ ಮರಳಿಸಿದ ಮೇಲೆ ನಿಧಾನವಾಗಿ ಇಳಿದು ಮಲಗಿತು. ಗೊಣಗಾಟ ನಿಂತಿತು.

ಗಂಡಸರು ಮಾಡುವಂತೆಯೇ ಅವಳೂ ತಲೆಯ ಹುಲ್ಲುಟೋಪಿ ತೆಗೆದಳು. "ಆವೆ ಮರಿಯಾ," ಎಂದು ಮೇರಿ ಮಾತೆಗೆ ವಂದಿಸಿದಳು. ಒಳಗೆ ಕಾಲಿಟ್ಟಳು.

ತಂಪು. ಮಬ್ಬು ಬೆಳಕು. ಮರದ ಚೌಕಟ್ಟಿಗೆ ಎತ್ತಿನ ತೊಗಲು ಬಿಗಿದ ಬಾನಿಗಳ ಸಾಲು. ಮತ್ತು ಆ ವಾಸನೆ... ಅಪ್ಪನ ಅಂಗಿಯ ವಾಸನೆ! ಚಿಕ್ಕವಳಿದ್ದಾಗ ಆ ಅಂಗಿಗೆ ಮುಖ ಹುದುಗಿಸಿ ಮಲಗುತ್ತಿದ್ದಳು. ಅದು ಇಲ್ಲಿಂದ ಬರುತ್ತಿತ್ತು. ಇಷ್ಟು ವರ್ಷ ಇದನ್ನೂ ನನ್ನಿಂದ ಬಚ್ಚಿಟ್ಟರಲ್ಲ!

ಬಿಸಿಲು ನೆತ್ತಿಗೇರಿತು. ಕತ್ತೆಗಳು ಬೇಸತ್ತು ಅರಚಿದವು. ಪರದೆ ಬಿಟ್ಟು ಒಬ್ಬನೂ ಕದಲಲಿಲ್ಲ.

"ಗೆರೆ ಅಲ್ಲಾಡ್ತಾನೇ ಇಲ್ವಲ್ರೋ!"

ಅಷ್ಟರಲ್ಲಿ ಎವೆಲಿಯೋ ಹಾಳಾದ ಬಾನಿಯ ತಳಕ್ಕೆ ಕೈ ಹಾಕಿ ತಡವಿದ. ಬೆರಳಿಗೆ ಲೋಳೆ ಅಂಟಿಕೊಂಡು ಬಂತು.

"ದೋನ್, ತೊಗಲು ಕೊಳೆತಿದೆ. ಬದಲಾಯಿಸಿ ಅಂತ ಈಸ್ಟರ್‌ಗೆ ಮುಂಚೆನೇ ಬಡ್ಕೊಂಡಿದ್ದೆ. ಇನ್ನೊಂದು ವರ್ಷ ಬರುತ್ತೆ ಅಂದ್ರಿ."

ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. "ಇವತ್ತು ಆಗ್ಲಿಲ್ಲ ಅಂದ್ರೇನು? ನಾಳೆ ಹುಳಿಯಾಗುತ್ತೆ, ನೋಡ್ತಿರು!"

"ಹಾಗಾದ್ರೆ ನಾಳೆನೂ ಬರ್ತೀನಿ ಚಿಕ್ಕಪ್ಪ. ನಾಡಿದ್ದೂ ಬರ್ತೀನಿ. ನೀವು ಪರದೆ ನೋಡ್ಕೊಂಡು ಕೂತಿರಿ!"

ಅಂಗಳ ಗೊಳ್ಳೆಂದು ನಕ್ಕಿತು. ದೋನ್ ಪ್ಲಾಸಿದೋ ಟೋಪಿ ಒತ್ತಿಕೊಂಡು ನಡೆದುಬಿಟ್ಟ.

ಬಾನಿಗಳ ನಡುವೆ ಇಬ್ಬರೇ ಉಳಿದರು.

"ನನ್ನನ್ನ ಯಾಕೆ ಹಾಗೆ ಕೇಳ್ದೆ?" ಅವಳು ಅವನತ್ತ ತಿರುಗಿದಳು.

"ಹೌದು ಅಂದಿದ್ರೆ... 'ನಾನೇ ಕರ್ಕೊಂಡು ಹೋದೆ' ಅಂತ ಹೇಳೋಣ ಅಂತಿದ್ದೆ. ಬೈದ್ರೆ ಇಬ್ರಿಗೂ ಬೈಲಿ ಅಂತ."

ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ತಪ್ಪಲ್ಲಿ ಪಾಲು ತಗೊಳ್ಳೋನು ನಂಗೆ ಬೇಡ. ನಾನು ಒಳಗೆ ಬರೋದು ತಪ್ಪೇ ಅಲ್ಲ!"

"ಮತ್ತೆ ಏನು ಬೇಕು?"

"'ಇದು ಅವಳ ಮನೆ' ಅಂತ ಎಲ್ಲರ ಎದುರು ಹೇಳೋನು ಬೇಕು."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಅಡ್ಡ ನಿಂತಿದ್ದಕ್ಕೆ ಕ್ಷಮಿಸು, ಸೆನಾ. ಇದು ನಿನ್ನ ಮನೆ. ಮತ್ತೆ... ನಿನ್ನನ್ನ ಪ್ರೀತಿಸ್ತೀನಿ."

"ಜೋರಾಗಿ ಹೇಳು. ಅಂಗಳಕ್ಕೆ ಕೇಳಿಸ್ಬೇಕು."

ಅವನು ಕೂಗಿಯೇ ಹೇಳಿದ! ಎರಡನ್ನೂ!

ಹೊರಗಿನಿಂದ ಯಾರದೋ ದನಿ ಬಂತು. "ಕೇಳಿಸ್ತಪ್ಪಾ! ಗೆರೆ ಈಗ್ಲೂ ಅಲ್ಲಾಡಿಲ್ಲ!"

ಸೆನಾಯ್ದಾ ಅಳುತ್ತಲೇ ನಕ್ಕಳು. ನೊರೆ ಮೆತ್ತಿದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾನೂ ಅಷ್ಟೇ ಕಣೋ... ನಡಿ, ಆ ತೊಗಲು ಬಿಚ್ಚೋಣ. ಹೊಸದು ಕಟ್ಬೇಕು."

"ಇಬ್ರೂ?"

"ಇಬ್ರೂ."