ನಲವತ್ತಾರು ಸೈಜಿನ ಅಂಗಿ

"ಬದುಕಿರೋರ ಅಂಗಿ ಬೊಂಬೆಗೆ ಆಕ್ಬ್ಯಾಡಿ ಸ್ವಾಮಿ," ಎಂದ ಸಣ್ಣಮಾದಯ್ಯ.

ಸುಂದರೇಶ ನಕ್ಕುಬಿಟ್ಟ. ಹೂಟಗಳ್ಳಿಯಲ್ಲಿ ಅವನು ಕಟ್ಟಿಸುತ್ತಿದ್ದ ಮನೆ ಆಗಷ್ಟೇ ಮೊದಲ ಮಹಡಿಯ ತಾರಸಿ ಕಂಡಿತ್ತು. ಸಣ್ಣಮಾದಯ್ಯ ಅಲ್ಲಿನ ಕಾವಲುಗಾರ. ಹೆಂಡತಿ ಬಸವಮ್ಮನೊಂದಿಗೆ ಸೈಟಿನ ಮೂಲೆಯ ತಗಡಿನ ಶೆಡ್ಡಿನಲ್ಲಿದ್ದುಕೊಂಡು ಸಿಮೆಂಟು ಕಬ್ಬಿಣ ಕಾಯುತ್ತಿದ್ದ, ಹೊತ್ತುಹೊತ್ತಿಗೆ ಗೋಡೆಗೆ ನೀರು ಹೊಡೆಯುತ್ತಿದ್ದ. ಮಾತು ಕಮ್ಮಿಯ ಮುದುಕ. ಅಂಥವನು ತಾನಾಗಿ ಬಾಯಿಬಿಟ್ಟಾಗಲಾದರೂ ಸುಂದರೇಶ ಕಿವಿಗೊಡಬೇಕಿತ್ತು.

ಕಟ್ಟಡಕ್ಕೆ ಯಾರ ಕಣ್ಣೂ ತಾಗದಿರಲೆಂದು ಮೇಸ್ತ್ರಿ ಮಹದೇವು ಹುಲ್ಲಿನ ದೃಷ್ಟಿಬೊಂಬೆ ಮಾಡಿಸಿದ್ದ. ಊರಲ್ಲಿ ಮನೆ ಕಟ್ಟುವವರೆಲ್ಲ ಮಾಡಿಸುತ್ತಾರೆ, ಅದರಲ್ಲೇನೂ ಇಲ್ಲ. ಆದರೆ ಈ ಸೈಟಿನಲ್ಲಿ ಪಾಯ ತೆಗೆಯುವಾಗಲೇ ಇಬ್ಬರು ಆಳುಗಳು ಕಾಲು ಮುರಿದುಕೊಂಡಿದ್ದರು. ಹೆದರಿದ ಮಹದೇವು ಕೆಸರೆಯಿಂದ ಮಂಟೇಸ್ವಾಮಿ ಎಂಬ ಮಾಟಗಾರನನ್ನು ಕರೆಸಿ, ಬೊಂಬೆಯ ಹೊಟ್ಟೆಯೊಳಗೆ ತಾಮ್ರದ ತಗಡು ಇಡಿಸಿ, ಕೋಳಿಯ ರಕ್ತ ಚಿಮುಕಿಸಿ, ಮಂತ್ರ ಹಾಕಿಸಿದ್ದ. ತೊಡಿಸಲು ಯಾರೋ ಸತ್ತವರ ಬಟ್ಟೆಯನ್ನೂ ತಂದಿಟ್ಟಿದ್ದ. ಬೀದಿಯ ಕೆಟ್ಟ ಕಣ್ಣನ್ನೆಲ್ಲ ಬೊಂಬೆ ತಿನ್ನುತ್ತದಂತೆ. ತಿಂದದ್ದೆಲ್ಲ ಅಂಗಿಯ ಒಡೆಯನಿಗೆ ಹೋಗಿ ಸೇರುತ್ತದಂತೆ. ಸತ್ತವನಾದರೆ ಅವನಿಗೆ ಇನ್ನು ಆಗಬೇಕಾದ್ದೇನಿದೆ?

ಸುಂದರೇಶ ಖಾಸಗಿ ಕಾಲೇಜೊಂದರಲ್ಲಿ ಫಿಸಿಕ್ಸ್ ಮೇಷ್ಟ್ರು. ಅಜ್ಜ ಅರಮನೆಯಲ್ಲಿ ಪಂಚಾಂಗ ಓದುತ್ತಿದ್ದವರು. ಮೊಮ್ಮಗನ ಮನೆಯಲ್ಲಿ ಪಂಚಾಂಗಕ್ಕೆ ಒಂದು ಮೊಳೆಯೂ ಇರಲಿಲ್ಲ. ಬೊಂಬೆ ಬೇಡವೆಂದು ಅವನು ಹೇಳಲಿಲ್ಲ, ಆಳುಗಳ ಸಮಾಧಾನಕ್ಕೆ ಇರಲಿ ಎಂದುಕೊಂಡ. ಆದರೆ ಆ ಮುಗ್ಗಲು ಅಂಗಿಯನ್ನು ಕಂಡವನೇ ಕಾರಿನ ಡಿಕ್ಕಿ ತೆಗೆದು ಒಂದು ಚೀಲ ಎಳೆದ. ಅದರಲ್ಲಿದ್ದವು ಅವನವೇ ಹಳೆಯ ಅಂಗಿಗಳು.

ಒಂದೂವರೆ ವರ್ಷದ ಹಿಂದೆ ಅವನು ನೂರ ಎಂಟು ಕಿಲೋ ಇದ್ದ. ಹುಡುಗರು ಬೆನ್ನ ಹಿಂದೆ 'ಅಂಬಾರಿ' ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ ಹೆದರಿಸಿದ ಮೇಲೆ ಅನ್ನ ಬಿಟ್ಟ, ಮೈಸೂರುಪಾಕಿನ ಅಂಗಡಿ ಕಂಡರೆ ರಸ್ತೆ ದಾಟಿದ, ದಿನಾ ಕುಕ್ಕರಹಳ್ಳಿ ಕೆರೆ ಸುತ್ತಿದ. ಈಗ ಎಪ್ಪತ್ತೆರಡು. ಉಳಿದದ್ದು ಬಟ್ಟೆಯ ರಗಳೆ. ಹೆಂಡತಿ ಲಹರಿ ಆಶ್ರಮಕ್ಕೆ ಕೊಡೋಣ ಎಂದಳು, ಟೈಲರ್ ಹತ್ತಿರ ಹಿಡಿಸೋಣ ಎಂದಳು. ಎರಡಾದರೂ ಇಟ್ಟುಕೊಳ್ಳಿ, ಮತ್ತೆ ದಪ್ಪ ಆದರೆ ಬೇಕಾಗುತ್ತವೆ ಎಂದೂ ಸೇರಿಸಿದಳು. ಆ ಕೊನೆಯ ಮಾತು ಅವನನ್ನು ಉರಿಸಿತು. ತಾನಾಗಿದ್ದ ಆ ದಪ್ಪ ಮನುಷ್ಯನನ್ನು ಅವನು ಮನಸಾರೆ ದ್ವೇಷಿಸುತ್ತಿದ್ದ. ಅವನನ್ನು ಹತ್ತು ಜನರ ಕಣ್ಣೆದುರು ನೇತುಹಾಕಬೇಕು ಎನ್ನಿಸಿತು.

ಹಾಗೇ ಮಾಡಿಸಿದ. ನೀಲಿ ಗೀರಿನ ನಲವತ್ತಾರು ಸೈಜಿನ ಅಂಗಿ ತುಂಬುವುದಕ್ಕೆ ಆಳುಗಳು ಇನ್ನೊಂದು ಹೊರೆ ಹುಲ್ಲು ತುರುಕಬೇಕಾಯಿತು. ಸುಣ್ಣ ಬಳಿದ ಮಡಕೆಯ ತಲೆ, ಅದಕ್ಕೆ ಇದ್ದಿಲಿನ ಮೀಸೆ. ತಾರಸಿಯ ಮೂಲೆಯಲ್ಲಿ ನಿಲ್ಲಿಸಿದ ಬಿದಿರಿಗೆ ಕಟ್ಟಿ ಎತ್ತಿದಾಗ ಎಲ್ಲರೂ ನಕ್ಕರು, ಸುಂದರೇಶ ಎಲ್ಲರಿಗಿಂತ ಜೋರಾಗಿ ನಕ್ಕು ಫೋಟೊ ತೆಗೆದುಕೊಂಡ.

ಸಣ್ಣಮಾದಯ್ಯ ನಗಲಿಲ್ಲ. "ಇಷ್ಟ್ ದಿನ ನಿಮ್ಮನ್ನ ಒತ್ಕಂಡು ತಿರುಗಿದ್ದು ಅದೇ ಮೈ ಅಲ್ವಾ ಸ್ವಾಮಿ? ಅದನ್ನ ಬೀದೀಲಿ ನೇತಾಕ್ಬಾರ್ದು," ಎಂದು ಪೈಪು ಎತ್ತಿಕೊಂಡು ಹೋದ.

ಮೊದಲ ತಿಂಗಳು ಸುಂದರೇಶನಿಗೆ ಖುಷಿಯೋ ಖುಷಿ. ತೂಕದ ಯಂತ್ರ ಅರವತ್ತೊಂಬತ್ತು ತೋರಿಸಿತು, ಆಮೇಲೆ ಅರವತ್ತೈದು. ವಿಚಿತ್ರವೆಂದರೆ ಬೆಲ್ಟು ಬಿಗಿಯುತ್ತಿತ್ತು. ಅರವತ್ತಕ್ಕೆ ಇಳಿದಾಗ ಹೊಸ ಅಂಗಿಯ ಗುಂಡಿ ಹಾಕಲಾಗಲಿಲ್ಲ. ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತಂದ. ಅದು ಐವತ್ನಾಲ್ಕು ಎಂದಿತು. ಕನ್ನಡಿಯಲ್ಲಿ ಮಾತ್ರ ಆ ಹಳೆಯ ಹೊಟ್ಟೆ, ಆ ಹಳೆಯ ಕತ್ತು ಮೆಲ್ಲಗೆ ತಿರುಗಿ ಬರುತ್ತಿದ್ದವು. ಕದ್ದು ತಿನ್ನುತ್ತಿದ್ದೀರಾ ಎಂದು ಲಹರಿ ಕೇಳಿದಳು. ಅಂಬಾರಿ ವಾಪಸ್ ಬಂತು ಎಂದು ಹುಡುಗರು ಪಿಸುಗುಟ್ಟಿದರು. ಅವನು ಊಟವನ್ನೇ ಬಿಟ್ಟ. ಹೊಟ್ಟೆ ಇನ್ನಷ್ಟು ಉಬ್ಬಿತು.

ಡಾಕ್ಟರು ಎರಡು ಸಲ ತೂಗಿ, ಕನ್ನಡಕ ಒರೆಸಿಕೊಂಡು ಮೂರನೇ ಸಲ ತೂಗಿದರು. ನಲವತ್ಮೂರು. ನೂರು ಕಿಲೋದಂತೆ ಕಾಣುವ ದೇಹ. ಸ್ಕ್ಯಾನಿನಲ್ಲಿ ನೀರಿಲ್ಲ, ಗಡ್ಡೆಯಿಲ್ಲ. ಮನೆಯಲ್ಲಿ ಅವನು ಮಗ್ಗುಲು ಬದಲಿಸಿದರೆ ಮೈಯೊಳಗಿಂದ ಸರಸರ ಸದ್ದು. ಏನದು ಎಂದು ಲಹರಿ ಹಾಸಿಗೆ ಕೊಡವಿ ನೋಡಿದಳು. ಆಷಾಢದ ಗಾಳಿ ಎದ್ದ ಬೆಳಿಗ್ಗೆ ಕೆರೆ ಏರಿಯ ಮೇಲೆ ಅವನ ಕಾಲು ನೆಲ ಬಿಟ್ಟಿತು. ಒಂದೇ ಕ್ಷಣ. ಬೇವಿನ ಮರವೊಂದನ್ನು ತಬ್ಬಿಕೊಂಡು ಗಾಳಿ ನಿಲ್ಲುವವರೆಗೂ ನಿಂತ. ಆಗ ಅವನಿಗೆ ಮುದುಕನ ಮಾತು ನೆನಪಾಯಿತು, ನೆನಪಾದದ್ದಕ್ಕೆ ನಾಚಿಕೆಯೂ ಆಯಿತು.

ಭಾನುವಾರ ನಡುಮಧ್ಯಾಹ್ನ ಒಬ್ಬನೇ ಸೈಟಿಗೆ ಹೋದ. ಆಳುಗಳಿಗೆ ರಜೆ. ಶೆಡ್ಡಿನ ಬಾಗಿಲು ಮುಚ್ಚಿತ್ತು. ಮನೆಯೊಳಗೆಲ್ಲ ಹಸಿ ಸಿಮೆಂಟಿನ ತಣ್ಣನೆಯ ವಾಸನೆ, ಕಿಟಕಿಗಳಿಗೆ ಹಲಗೆ ಹೊಡೆದದ್ದರಿಂದ ಹಗಲಲ್ಲೂ ಕಗ್ಗತ್ತಲೆ. ಗೋಡೆ ತಡವುತ್ತ ಮೆಟ್ಟಿಲು ಹತ್ತಿದ. ಕಾಲಡಿ ಮರಳು ಹರಡಿತ್ತು, ಆದರೂ ಒಂದು ಹೆಜ್ಜೆಗೂ ಸದ್ದಾಗಲಿಲ್ಲ.

ಸದ್ದು ಮೇಲಿನಿಂದ ಬರುತ್ತಿತ್ತು. ಯಾರೋ ಏದುಸಿರು ಬಿಡುತ್ತಿದ್ದರು. ಎಳೆದೆಳೆದು ಒಂದು ಉಸಿರು, ಕೊನೆಯಲ್ಲಿ ಸಣ್ಣ ಸಿಳ್ಳು. ಸುಂದರೇಶ ನಿಂತುಬಿಟ್ಟ. ಆ ಸಿಳ್ಳು ಅವನಿಗೆ ಗೊತ್ತಿತ್ತು. ಕಾಲೇಜಿನ ಮಹಡಿ ಹತ್ತಿದಾಗಲೆಲ್ಲ ಹನ್ನೆರಡು ವರ್ಷ ಅವನ ಎದೆಯಿಂದಲೇ ಹೊರಟ ಸದ್ದು ಅದು.

ತಾರಸಿಯಲ್ಲಿ ಬೊಂಬೆ ಅತ್ತ ಮುಖ ಮಾಡಿ ತೂಗುತ್ತಿತ್ತು. ನೆಟ್ಟಗಿದ್ದ ಬಿದಿರು ಬಾಗಿತ್ತು. ಹಗ್ಗ ಕಿರುಗುಟ್ಟುತ್ತಿತ್ತು. ನೊಣಗಳು. ಅಂಗಿಯ ಕಂಕುಳಲ್ಲಿ ಒದ್ದೆ. ಮಳೆ ಬಂದು ನಾಲ್ಕು ದಿನವಾಗಿತ್ತು. ಪೌಡರಿನ ವಾಸನೆ. ಹಳೆಯ ಬೆವರಿನ ವಾಸನೆ. ತನ್ನದೇ. ಕೈ ಚಾಚಿದ. ತೋಳು ಮುಟ್ಟಿದ. ಹುಲ್ಲಲ್ಲ. ಮೆತ್ತಗಿತ್ತು. ಬೆಚ್ಚಗಿತ್ತು. ಒತ್ತಿದ. ಒಳಗೆ ನಾಡಿ ಹೊಡೆಯುತ್ತಿತ್ತು. ಏದುಸಿರು ತಟ್ಟನೆ ನಿಂತಿತು. ಗಾಳಿಯಿರಲಿಲ್ಲ. ಮಡಕೆಯ ತಲೆ ಮೆಲ್ಲಗೆ ಇತ್ತ ತಿರುಗತೊಡಗಿತು. ಅವನು ಕೂಗಲು ಬಾಯಿ ತೆರೆದ. ದನಿ ಬರಲಿಲ್ಲ. ಒಣಹುಲ್ಲಿನ ಧೂಳು ಬಂತು.

ಮಾರನೆಯ ಬೆಳಿಗ್ಗೆ ಕೆಸರೆಗೆ ಹೋಗಿ ಮಂಟೇಸ್ವಾಮಿಯನ್ನು ಹುಡುಕಿದ. ಅಂಗಳದಲ್ಲಿ ಸ್ಕೂಟರ್ ಒರೆಸುತ್ತಿದ್ದ ಸಾಧಾರಣ ಮನುಷ್ಯ. ಸುಂದರೇಶನ ಹೊಟ್ಟೆಯ ಮೇಲೆ ಕಿವಿಯಿಟ್ಟು ಕೇಳಿದ, ಮುಖ ಕಪ್ಪಿಟ್ಟಿತು. ಕಟ್ಟಿದ್ದನ್ನು ಬಿಚ್ಚುವುದು ತನ್ನಿಂದಲೂ ಆಗದು ಎಂದ. ಜೀವಂತ ಬೆವರಿನ ರುಚಿ ಕಂಡ ಬೊಂಬೆ ಇನ್ನು ಸತ್ತವರ ಅಂಗಿ ಒಪ್ಪುವುದಿಲ್ಲ, ಹೊಸ ಅಂಗಿಯನ್ನಂತೂ ಮೂಸುವುದಿಲ್ಲ. ಬದುಕಿರುವ ಇನ್ನೊಬ್ಬನ, ಮೈಮೇಲಿಂದ ಬಿಚ್ಚಿ ಒಗೆಯದ ಅಂಗಿ ತೊಡಿಸಿದರೆ ಮಾತ್ರ ನಿಮ್ಮದು ನಿಮಗೆ ಬರುತ್ತದೆ. ಇನ್ನೊಂದು ಮಾತು: ಗೃಹಪ್ರವೇಶಕ್ಕೆ ಮೊದಲು ಬೊಂಬೆ ಸುಡುವ ವಾಡಿಕೆಯಿದೆ, ಇದನ್ನು ಸುಟ್ಟರೆ ಅಂಗಿಯವನೂ ಉಳಿಯುವುದಿಲ್ಲ.

ಸುಂದರೇಶ ಏನೋ ಕೇಳಲು ಹೊರಟ. ಮಂಟೇಸ್ವಾಮಿ ಕೈ ಅಡ್ಡ ಹಿಡಿದ. "ಯಾರ ಅಂಗಿ ಅಂತ ಮಾತ್ರ ನಂಗೆ ಹೇಳ್ಬ್ಯಾಡಿ."

ಯಾರಾದರೂ ಕೆಟ್ಟವನದು ಹುಡುಕುತ್ತೇನೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ಸುಳ್ಳು. ಕೆಸರೆ ಬಿಡುವ ಮೊದಲೇ ಅವನು ತೀರ್ಮಾನಿಸಿಯಾಗಿತ್ತು. ಸೈಟಿಗೆ ಬಂದಾಗ ಆಳುಗಳು ಊಟಕ್ಕೆ ಹೋಗಿದ್ದರು. ಸಣ್ಣಮಾದಯ್ಯ ಬರಿಮೈಯಲ್ಲಿ ಶೆಡ್ಡಿನೊಳಗೆ ಮಲಗಿದ್ದ. ಬಾಗಿಲ ಪಕ್ಕದ ಮೊಳೆಯಲ್ಲಿ ಅವನ ಖಾಕಿ ಅಂಗಿ, ಬೀಡಿಯ ವಾಸನೆ, ಬೆನ್ನಲ್ಲಿ ಇನ್ನೂ ಆರದ ಬೆವರು.

ಮೆಟ್ಟಿಲು ಹತ್ತಿದ. ಕಣ್ಣು ಮುಚ್ಚಿಕೊಂಡೇ ಗುಂಡಿ ಬಿಚ್ಚಿದ. ಬೊಂಬೆ ಅಂಗಿಯ ತೋಳನ್ನು ಬಿಗಿಹಿಡಿಯಿತು. ಎಳೆದ. ಬಿಡಲಿಲ್ಲ. ಜೋರಾಗಿ ಎಳೆದ. ನೀಲಿ ಅಂಗಿ ಕೈಗೆ ಬಂತು. ಖಾಕಿ ತೊಡಿಸಿದ. ಕೊನೆಯ ಗುಂಡಿ ಹಾಕುತ್ತಿದ್ದಂತೆ ಅವನ ಮಂಡಿಗಳು ಕುಸಿದವು. ತೂಕ ಬರುತ್ತಿತ್ತು. ಎದೆಗೆ, ತೊಡೆಗೆ, ಬೆರಳಿಗೆ. ಮೆಟ್ಟಿಲಿಳಿಯುವಾಗ ಮರಳು ಕರಕರ ಎಂದಿತು. ಆ ಸದ್ದು ಕೇಳಿ ಅವನು ಸಂತೋಷಕ್ಕೆ ಅತ್ತುಬಿಟ್ಟ. ಹತ್ತು ದಿನದಲ್ಲಿ ಹೊಟ್ಟೆ ಕರಗಿತು, ಯಂತ್ರ ಎಪ್ಪತ್ತೆರಡಕ್ಕೆ ನಿಂತಿತು.

ಆ ಹತ್ತು ದಿನವೂ ಅವನು ಸೈಟಿನ ಕಡೆ ತಲೆಹಾಕಲಿಲ್ಲ. ಹೋದ ದಿನ ಬಸವಮ್ಮ ನಗುನಗುತ್ತಲೇ ಎದುರಾದಳು. ಈ ವಯಸ್ಸಲ್ಲಿ ಗಂಡ ಮೈಕೈ ತುಂಬಿಕೊಂಡಿದ್ದಾನೆ, ಸೈಟಿನ ನೀರು ಒಗ್ಗಿದೆ ಎಂದು ಅವಳಿಗೆ ಹೆಮ್ಮೆ. ಅವಳು ನೀರಿಗೆ ಹೋದ ಮೇಲೆ ಸಣ್ಣಮಾದಯ್ಯ ಹೊರಗೆ ಬಂದ. ಕೆನ್ನೆ ಉಬ್ಬಿತ್ತು. ಗಾಳಿಗೆ ಹೆದರಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ನನ್ನ ಅಂಗಿನೇ ಬೇಕಾಗಿತ್ತಾ ಸ್ವಾಮಿ?"

ಮುದುಕ ಬಯ್ಯಲಿಲ್ಲ, ಶಪಿಸಲೂ ಇಲ್ಲ. ಬಯ್ದಿದ್ದರೆ ಸುಂದರೇಶನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಆಗಿದ್ದು ಆಗೋಯ್ತು. ಗೃಹಪ್ರವೇಶದ ದಿನ ಅದನ್ನ ಸುಡಿಸ್ಬ್ಯಾಡಿ. ಇಳ್ಸಿ ನನ್ನ ಕೈಗೆ ಕೊಟ್ಬುಡಿ. ಊರಿಗೆ ತಕೊಂಡೋಗಿ ಎಂಗೋ ಕಾಪಾಡ್ಕತೀನಿ. ಬಸಮ್ಮಂಗೆ ಯಾರೂ ಇಲ್ಲ."

ಸುಂದರೇಶ ಅವನ ಕೈ ಹಿಡಿದು ಮಾತು ಕೊಟ್ಟ. ಆಗ ಅವನು ಮಾತು ಕೊಟ್ಟದ್ದು ಮನಸಾರೆಯೇ.

ಶ್ರಾವಣದ ಶುಕ್ರವಾರ ಗೃಹಪ್ರವೇಶ. ಮಾವಿನ ತೋರಣ, ಹೊಸ ಬಣ್ಣದ ವಾಸನೆ, ನಾಗಸ್ವರ. ಕಾಲೇಜಿನ ಪ್ರಿನ್ಸಿಪಾಲರೂ ಸಹೋದ್ಯೋಗಿಗಳೂ ಬಂದಿದ್ದರು. ಮಹದೇವು ಆರು ಆಳುಗಳನ್ನು ಹಚ್ಚಿ, ಹಾಳಾದ್ದು ಇಷ್ಟು ಭಾರ ಹೇಗಾಯಿತೋ ಎಂದು ಗೊಣಗುತ್ತ ಬೊಂಬೆ ಇಳಿಸಿ, ಪಕ್ಕದ ಖಾಲಿ ಸೈಟಿನಲ್ಲಿ ಮಲಗಿಸಿ, ಸೀಮೆಎಣ್ಣೆ ಸುರಿದು ಬಂದ. ಹಸು ಒಳಗೆ ಕಾಲಿಡುವ ಮೊದಲು ಸುಡಬೇಕು, ಬೆಂಕಿ ಇಡಲೇ ಎಂದು ಕೇಳಿದ. ಫಿಸಿಕ್ಸ್ ಮೇಷ್ಟ್ರ ಮನೆಗೂ ದೃಷ್ಟಿಬೊಂಬೆಯೇ ಎಂದು ಪ್ರಿನ್ಸಿಪಾಲರು ಚುಡಾಯಿಸಿದರು. ಸುತ್ತಲಿದ್ದವರು ನಕ್ಕರು.

ಗೇಟಿನ ಹತ್ತಿರ ಸಣ್ಣಮಾದಯ್ಯ ನಿಂತಿದ್ದ. ಬೊಂಬೆ ಇಸಿದುಕೊಳ್ಳಲು ಎರಡೂ ಕೈ ಮುಂದೆ ಚಾಚಿದ್ದ.

ಅದನ್ನು ಅವನಿಗೆ ಕೊಡಿ. ಅಷ್ಟು ಹೇಳಿದ್ದರೆ ಸಾಕಿತ್ತು. ಸುಂದರೇಶ ಬಾಯಿ ತೆರೆದ. ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಏನು ಹೇಳುವುದು? ಅದರ ಹಿಂದೆಯೇ ಇನ್ನೊಂದು ಯೋಚನೆ ನುಗ್ಗಿತು. ಬೊಂಬೆ ಮುದುಕನ ಕೈಲಿದ್ದರೆ, ನಾಳೆ ಅವನೂ ಬದುಕಲು ಇನ್ನೊಂದು ಅಂಗಿ ಹುಡುಕದೆ ಇರುತ್ತಾನೆಯೇ? ನನ್ನದನ್ನೇ ಹುಡುಕಿದರೆ? ತಾನು ಮಾಡಿದ್ದನ್ನು ಬೇರೆಯವರು ಮಾಡದೆ ಇರಬಹುದು ಎಂದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

"ಮುಹೂರ್ತ ಮೀರ್ತಿದೆ, ಸುಟ್ಟುಬಿಡಿ," ಎಂದ.

ಗೇಟಿನ ಕಡೆ ನೋಡಲಿಲ್ಲ. ಹಸು ಒಳಗೆ ಬಂತು, ಲಹರಿ ಆರತಿ ಎತ್ತಿದಳು, ನಾಗಸ್ವರ ಏರಿತು. ನಾಗಸ್ವರದ ನಡುವೆ ಬೇರೆ ಯಾವ ದನಿಯೂ ಕೇಳಿಸಲಿಲ್ಲ. ವಾಸನೆ ಮಾತ್ರ ಬಂತು. ಹುಲ್ಲಿನದಲ್ಲ. ಕೂದಲು ಸುಟ್ಟ ವಾಸನೆ, ಕೊಬ್ಬು ಕರಗಿದ ವಾಸನೆ. ಅತಿಥಿಗಳು ಮೂಗಿಗೆ ಸೆರಗು, ಕರ್ಚೀಫು ಹಿಡಿದರು. ಒಳಗೆ ಪ್ಲಾಸ್ಟಿಕ್ ತುಂಬಿದ್ದಾರೇನೋ ಎಂದು ಯಾರೋ ಅಂದರು.

ಮೊದಲ ಪಂಕ್ತಿ ಏಳುವ ಹೊತ್ತಿಗೆ ಬಸವಮ್ಮ ಬಂದಳು. ಗಂಡನನ್ನು ಎರಡು ತೋಳಲ್ಲಿ ಎತ್ತಿಕೊಂಡು ಒಬ್ಬಳೇ ನಡುಮನೆಗೆ ಬಂದಳು. ಕಡ್ಡಿಯಂಥ ಹೆಂಗಸು, ಅಷ್ಟು ದಪ್ಪ ಗಂಡಸನ್ನು ಎತ್ತಿದ್ದು ಕಂಡು ಜನ ದಂಗಾಗಿ ದಾರಿ ಬಿಟ್ಟರು. ಬೆಳಗಿಂದ ಏನೂ ತಿಂದಿರಲಿಲ್ಲ, ತಲೆ ತಿರುಗಿ ಬಿದ್ದಿದ್ದಾನೆ ಎಂದೇ ಅವಳು ತಿಳಿದಿದ್ದಳು. ನೆಟ್ಟಗೆ ಸುಂದರೇಶನ ಬಳಿಗೆ ಬಂದಳು. ಅಲ್ಲಿ ಅವಳಿಗೆ ಮೊದಲು ಕಂಡ ಗುರುತಿನ ಮುಖ ಅದೇ.

"ವಸಿ ಇಡ್ಕಳಿ ಸ್ವಾಮಿ. ಆಟೋ ಕರ್ಕಬತ್ತೀನಿ. ಭಾರ ಏನಿಲ್ಲ."

ಅವನ ಕೈಗಿಟ್ಟು ಓಡಿದಳು. ರೇಷ್ಮೆ ಪಂಚೆಯ ಸುಂದರೇಶ ನೆಂಟರಿಷ್ಟರ ನಡುವೆ ನಿಂತ. ಮುದುಕನ ಮೈಮೇಲೆ ಒಂದೂ ಸುಟ್ಟ ಗಾಯವಿರಲಿಲ್ಲ. ಕಣ್ಣು ತೆರೆದಿದ್ದವು. ಬಾಯ ತುಂಬ ಬಿಸಿ ಬೂದಿ. ತೋಳುಗಳಿಗೆ ಭಾರವೆಂಬುದು ಸಿಗಲೇ ಇಲ್ಲ. ಮೇಲೆ ಹೊಸ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಆ ಗಾಳಿಗೆ ಸಣ್ಣಮಾದಯ್ಯ ಕೈಯಿಂದ ಮೆಲ್ಲಗೆ ಎದ್ದ. ಸುಂದರೇಶ ಅವನನ್ನು ಎದೆಗವುಚಿ ಹಿಡಿದು, ಯಾರಾದರೂ ಫ್ಯಾನ್ ಆರಿಸಿ ಎಂದ. ಯಾರೂ ಅಲುಗಲಿಲ್ಲ. ಅವನು ಮತ್ತೊಮ್ಮೆ ಹೇಳಿದ.