ಕೆಂಪು ಚುಕ್ಕೆಯ ಲೋಟ

ಇದನ್ನು ಕೇಳಲು ದೆವ್ವಭೂತಗಳಲ್ಲಿ ನಂಬಿಕೆ ಬೇಕಿಲ್ಲ, ಐದರವರೆಗೆ ಎಣಿಸಲು ಬಂದರೆ ಸಾಕು.

ನಮ್ಮ ಹೊಲಿಗೆ ಅಂಗಡಿಯ ಮಾಸ್ಟರರ ಬೀಳ್ಕೊಡುಗೆಗೆ ನಾವು ನಾಲ್ವರು ಲೋಟದ ಆಟ ಆಡುವುದೆಂದು ಗೊತ್ತಾಗಿತ್ತು. ಒಬ್ಬೊಬ್ಬರ ಮುಂದೆ ಒಂದು ಸ್ಟೀಲ್ ಲೋಟ. ಎರಡು ಸಲ ಕುಟ್ಟಿ, ಒಂದು ಚಪ್ಪಾಳೆ ತಟ್ಟಿ, ಎಲ್ಲರೂ ಒಟ್ಟಿಗೆ ಬಲಕ್ಕೆ ದಾಟಿಸಬೇಕು. ತಡವಾದವರ ಮುಂದೆ ಲೋಟಗಳು ರಾಶಿ ಬೀಳುತ್ತವೆ. ದಿನವೂ ಅಭ್ಯಾಸದಲ್ಲಿ ರಾಶಿ ಬೀಳುತ್ತಿದ್ದದ್ದು ನನ್ನ ಮುಂದೆಯೇ.

"ಗುಂಡಿ ಹಾಕೋ ಕೈಗೆ ತಾಳ ಎಲ್ಲಿಂದ ಬರ್ಬೇಕು? ನೀನು ಪಕ್ಕದಲ್ಲಿ ನಿಂತು ನೋಡು, ಸಾಕು," ಎಂದಳು ನಾಲ್ವರಲ್ಲೊಬ್ಬಳಾದ, ಇಸ್ತ್ರಿ ಮಾಡುವ ಅಕ್ಕ.

ನನಗೆ ಹಟ ಹತ್ತಿತು. ಭಾನುವಾರ ಮಧ್ಯಾಹ್ನ ಬೀಗದ ಕೈ ಇಸಿದುಕೊಂಡು, ಅಂಗಡಿಗೆ ಒಳಗಿನಿಂದ ಚಿಲಕ ಹಾಕಿ, ಕೆಂಪು ಚುಕ್ಕೆಯ ನನ್ನ ಲೋಟದೊಂದಿಗೆ ಒಬ್ಬಳೇ ಕೂತೆ. ಕಣ್ಣು ಮುಚ್ಚಿ ಕುಟ್ಟಿದೆ, ತಟ್ಟಿದೆ, ಬಲಕ್ಕೆ ದಾಟಿಸಿದೆ. ಎಡದಿಂದ ಲೋಟ ಬಂತು. ಮತ್ತೆ ದಾಟಿಸಿದೆ, ಮತ್ತೆ ಬಂತು. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಲೋಟ ಬೆರಳಿಗೆ ತಣ್ಣಗೆ ಕೊರೆದಾಗಲೇ ಹೊಳೆದದ್ದು: ದಾಟಿಸಿದ್ದನ್ನು ನಾನು ವಾಪಸು ತೆಗೆದುಕೊಂಡೇ ಇರಲಿಲ್ಲ.

ಎದ್ದು ಓಡಬೇಕೆನಿಸಿತು. ಆದರೆ ತಾಳ ಮೊದಲ ಸಲ ಕೈಗೆ ಹತ್ತಿತ್ತು, ಬಿಡುವುದು ಹೇಗೆ? ನೂರು ಸುತ್ತು ಮುಗಿಸಿಯೇ ಕಣ್ಣು ಬಿಟ್ಟೆ. ಮೇಜಿನ ಮೇಲೆ ಒಂದು ಲೋಟವೂ ಇರಲಿಲ್ಲ. ಅಂಗಡಿಯೆಲ್ಲ ಹುಡುಕಿದರೂ ಸಿಗಲಿಲ್ಲ.

ಬೀಳ್ಕೊಡುಗೆಯ ದಿನ ಹೊಸ ಲೋಟ ತಂದು ಆಟಕ್ಕೆ ಕೂತೆ. ಒಂದೂ ತಪ್ಪಲಿಲ್ಲ.

"ಯಾರೇ ಕಲಿಸಿದ್ದು ನಿಂಗೆ?" ಎಂದಳು ಅಕ್ಕ, ಕೈ ನಿಲ್ಲಿಸದೆ.

ಉತ್ತರ ಕೊಡುವಷ್ಟರಲ್ಲಿ ಎಡದಿಂದ ಕೆಂಪು ಚುಕ್ಕೆಯ ಲೋಟ ಬಂತು, ಮಂಜುಗಡ್ಡೆಯಂತೆ ತಣ್ಣಗೆ. ತಾಳ ತಪ್ಪಿಸದೆ ದಾಟಿಸಿದೆ. ಆಮೇಲೆ ಎಣಿಸಿದೆ. ಕೂತವರು ನಾಲ್ವರು, ಸುತ್ತುತ್ತಿದ್ದದ್ದು ಐದು ಲೋಟ. ಯಾರ ಮುಂದೆಯೂ ರಾಶಿ ಬೀಳಲಿಲ್ಲ.